ಮೇಬಲ್ ಎಂಬ ಹೆಸರಿನ ಹಿಂದೆ

ಕಚೇರಿಯೊಂದರಲ್ಲಿ ಕೆಲಸಕ್ಕಿರುವ ಹುಡುಗಿ, ತಾನು ಗುಟ್ಟಾಗಿ ಮದುವೆಗೆ ಒಪ್ಪಿಕೊಂಡಿರುವ ಯುವಕ ಬೇರೊಬ್ಬ ಹೆಣ್ಣಿನೊಡನೆ ಸಲಿಗೆಯಿಂದಿರುವುದನ್ನು ನೋಡಿಬಿಡುತ್ತಾಳೆ. 1914ರ ಹಾಸ್ಯಚಿತ್ರದಲ್ಲಿ ಇಂಥ ಗಳಿಗೆ ಬಂದರೆ ಮುಂದಿನದನ್ನು ಯಾರಾದರೂ ಊಹಿಸಬಹುದು: ಎದೆ ಬಡಿದುಕೊಳ್ಳುವುದು, ಕಣ್ಣುಗುಡ್ಡೆ ಹೊರಳಿಸುವುದು, ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುವುದು. ಈ ಹುಡುಗಿ ಅಷ್ಟು ಅವಸರ ಪಡುವುದಿಲ್ಲ. ಮೊದಲು ಅವಳ ಮುಖದಲ್ಲಿ ಬರೀ ಕುತೂಹಲವಿರುತ್ತದೆ. ಆಮೇಲೆ ನಂಬಲಾರದ ಒಂದು ಅರೆನಗೆ. ಅದು ಆರಿದ ಮೇಲೆ ಸಿಟ್ಟು. ಸಿಟ್ಟಿನ ಬೆನ್ನಿಗೇ, ‘ತಾಳು, ನಿನಗೆ ಮಾಡುತ್ತೇನೆ’ ಎನ್ನುವ ಕಿಡಿಗೇಡಿತನ. ಒಂದು ಮಾತಿನ ಅಗತ್ಯವೂ ಬೀಳದಂತೆ ಇಷ್ಟೆಲ್ಲ ನಡೆದುಹೋಗುತ್ತದೆ. ಚಿತ್ರದ ಹೆಸರು ‘ಮೇಬಲ್ಸ್ ಬ್ಲಂಡರ್’. ನಟಿಸಿದವಳು, ನಿರ್ದೇಶಿಸಿದವಳು ಇಬ್ಬರೂ ಒಬ್ಬಳೇ, ಮೇಬಲ್ ನಾರ್ಮಂಡ್. ಆಗ ಆಕೆಗೆ ಇಪ್ಪತ್ತೊಂದು ವರ್ಷ.

ನಾನು ಮೇಬಲ್‌ಳನ್ನು ತಲುಪಿದ್ದು ಎಲ್ಲರೂ ತಲುಪುವ ದಾರಿಯಿಂದಲೇ, ಅಂದರೆ ಚಾರ್ಲಿ ಚಾಪ್ಲಿನ್‌ನ ಹಳೆಯ ಚಿತ್ರಗಳನ್ನು ಹುಡುಕುತ್ತ ಹೋಗಿ. ಅವನ ಆರಂಭದ ಚಿತ್ರಗಳಲ್ಲಿ ಪಕ್ಕದಲ್ಲೇ ಓಡಾಡುವ ಈ ದೊಡ್ಡ ಕಣ್ಣಿನ ಹುಡುಗಿ ಯಾರು ಎಂದು ತಿಳಿಯಹೊರಟರೆ ಸಿಗುವುದು ಹೆಚ್ಚಾಗಿ ಒಂದು ಕೊಲೆಯ ಕತೆ, ಒಂದು ಗುಂಡೇಟಿನ ಕತೆ, ಮುರಿದುಬಿದ್ದ ಒಂದು ಮದುವೆಯ ಕತೆ. ಆಕೆ ನಟಿಸಿದ್ದು ಏನು ಎಂಬುದು ಈ ಕತೆಗಳಿಗೆ ಅಡಿಟಿಪ್ಪಣಿಯಂತೆ ಬರುತ್ತದೆ. ಇದು ನನಗೆ ತಲೆಕೆಳಗಾದ ಕ್ರಮವೆಂದು ತೋರಿದ್ದರಿಂದ, ಆಕೆಯ ವೃತ್ತಿಬದುಕನ್ನು ಒಂದೇ ಒಂದು ಎಳೆ ಹಿಡಿದು ನೋಡಲು ಪ್ರಯತ್ನಿಸಿದ್ದೇನೆ. ಆ ಎಳೆ ಆಕೆಯ ಹೆಸರು: ಅದು ಯಾವಾಗ ಪರದೆಯ ಮೇಲೆ ಬಂತು, ಯಾರು ಅದನ್ನು ಬಳಸಿಕೊಂಡರು, ಎಲ್ಲಿ ಅಳಿಸಿಹೋಯಿತು ಎಂಬುದು.

ಮೇಬಲ್ ಹುಟ್ಟಿದ್ದು 1892ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ. ತಂದೆಯದು ಫ್ರೆಂಚ್ ಮೂಲದ ಮನೆತನ, ವೃತ್ತಿಯಿಂದ ಬಡಗಿ. ತಾಯಿ ಐರಿಷ್ ಮೂಲದವರು. ಮನೆಯಲ್ಲಿ ಹಣಕ್ಕೆ ಸದಾ ಬಿಗಿ. ಹದಿಹರೆಯದಲ್ಲೇ ದೋಣಿ ಹತ್ತಿ ಮ್ಯಾನ್‌ಹಟನ್‌ಗೆ ಹೋಗಿ ಚಿತ್ರಕಾರರ ಮುಂದೆ ರೂಪದರ್ಶಿಯಾಗಿ ಗಂಟೆಗಟ್ಟಲೆ ಕೂರುವ ಕೆಲಸ ಹಿಡಿದಳು. ಪತ್ರಿಕೆಗಳಿಗೆ ರೇಖಾಚಿತ್ರ ಬರೆಯುತ್ತಿದ್ದ ಚಾರ್ಲ್ಸ್ ಡೇನಾ ಗಿಬ್ಸನ್, ಜೇಮ್ಸ್ ಮಾಂಟ್‌ಗೊಮರಿ ಫ್ಲ್ಯಾಗ್ ಅವರಂಥ ಹೆಸರಾಂತರಿಗೆ ಆಕೆ ಮಾದರಿಯಾಗಿದ್ದಳು. ಆಕೆಯ ಮುಖ ಮನೆಮನೆಗೆ ಹೋಗುತ್ತಿತ್ತು, ಹೆಸರು ಮಾತ್ರ ಹೋಗುತ್ತಿರಲಿಲ್ಲ. ಏಕೆಂದರೆ ಚಿತ್ರದ ಕೆಳಗಿನ ಸಹಿ ಚಿತ್ರಕಾರನದು.

ಸಿನಿಮಾಕ್ಕೆ ಬಂದಾಗಲೂ ಹಾಗೆಯೇ ಆಯಿತು. ವೈಟಾಗ್ರಾಫ್ ಕಂಪನಿಯಲ್ಲಿ ಆಕೆ ‘ಬೆಟ್ಟಿ’ ಎಂಬ ಪಾತ್ರದ ಹೆಸರಿನಿಂದ ಪರಿಚಿತಳಾದಳು. ಡಿ. ಡಬ್ಲ್ಯು. ಗ್ರಿಫಿತ್ ಇದ್ದ ಬಯೋಗ್ರಾಫ್‌ನಲ್ಲಂತೂ ನಟರ ಹೆಸರನ್ನು ಹೊರಗೆ ಹೇಳಬಾರದೆಂಬ ಕಟ್ಟುನಿಟ್ಟೇ ಇತ್ತು. ಹೆಸರು ಗೊತ್ತಾದರೆ ಜನ ಕೇಳುತ್ತಾರೆ, ಜನ ಕೇಳಿದರೆ ನಟರು ಸಂಬಳ ಕೇಳುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದೆ. ಆದರೆ ಬ್ರಿಟನ್ನಿನ ಪ್ರೇಕ್ಷಕರು ಹೆಸರಿಗಾಗಿ ಪಟ್ಟು ಹಿಡಿದಿದ್ದರಿಂದ ಅಲ್ಲಿನ ವಿತರಕರು ಬಯೋಗ್ರಾಫ್ ನಟನಟಿಯರಿಗೆಲ್ಲ ತಾವೇ ಒಂದೊಂದು ಹೆಸರು ಕಟ್ಟಿದರು. ಹಾಗೆ ಮೇಬಲ್ ನಾರ್ಮಂಡ್ ಲಂಡನ್ನಿನಲ್ಲಿ ‘ಮ್ಯುರಿಯಲ್ ಫಾರ್ಟೆಸ್ಕ್ಯೂ’ ಆದಳು. ಸಾಗರದಾಚೆಗೆ ತನಗೊಂದು ನಾಮಕರಣವಾಗಿದೆ ಎಂಬುದನ್ನು ನೆನೆದು ಆಕೆ ನಕ್ಕಿರಬೇಕು ಎಂದು ನನಗನಿಸುತ್ತದೆ. ನಗುವ ಸ್ವಭಾವದವಳೇ ಹೌದು.

ಗ್ರಿಫಿತ್ ಗಂಭೀರ ಕಥಾನಕಗಳ ನಿರ್ದೇಶಕ. ಅವನ ಬಳಗದ ನಟಿಯರು ಕಣ್ಣೀರಿಗೆ ಹೆಸರಾದವರು. ಮೇಬಲ್‌ಗೂ ಅಂಥ ಪಾತ್ರಗಳು ಸಿಕ್ಕವು, ಆಕೆ ಚೆನ್ನಾಗಿಯೇ ಮಾಡಿದಳು. ಆದರೆ ಅದೇ ಬಯೋಗ್ರಾಫ್‌ನಲ್ಲಿ ಚಿಕ್ಕಪುಟ್ಟ ಪಾತ್ರ ಮಾಡುತ್ತ, ನಗಿಸುವ ಚಿತ್ರಗಳನ್ನು ನಿರ್ದೇಶಿಸುವ ಆಸೆ ಹೊತ್ತಿದ್ದ ಮ್ಯಾಕ್ ಸೆನೆಟ್ ಎಂಬ ಕೆನಡಾದವನೊಬ್ಬನಿದ್ದ. 1911ರ ‘ದ ಡೈವಿಂಗ್ ಗರ್ಲ್’ನಲ್ಲಿ ಅವನು ಮೇಬಲ್‌ಳ ಈಜಿನ ಪರಿಣತಿಯನ್ನೇ ಹಾಸ್ಯದ ವಸ್ತುವಾಗಿಸಿದ. 1912ರ ‘ಎ ಡ್ಯಾಶ್ ಥ್ರೂ ದ ಕ್ಲೌಡ್ಸ್’ನಲ್ಲಿ ಆಕೆ ಫಿಲಿಪ್ ಪಾರ್ಮಲೀ ಎಂಬ ನಿಜವಾದ ವೈಮಾನಿಕನ ಪಕ್ಕದಲ್ಲಿ ಕುಳಿತು ವಿಮಾನ ಹತ್ತಿದಳು. ಅಂದಿನ ವಿಮಾನವೆಂದರೆ ಬಿದಿರುತಟ್ಟಿಗೆ ಬಟ್ಟೆ ಸುತ್ತಿದಂಥ ವಸ್ತು. ಅದಕ್ಕೆ ಗೋಡೆಯೂ ಇಲ್ಲ, ಸೂರೂ ಇಲ್ಲ. ಆ ಚಿತ್ರ ತೆರೆಗೆ ಬಂದ ತಿಂಗಳಲ್ಲೇ ಪಾರ್ಮಲೀ ಬೇರೊಂದು ಹಾರಾಟದಲ್ಲಿ ಬಿದ್ದು ತೀರಿಕೊಂಡ. ಇಂದು ಆ ದೃಶ್ಯ ನೋಡುವಾಗ ಮೇಬಲ್‌ಳ ಕೆದರಿದ ಕೂದಲು ನೋಡಿ ನಗುವುದೋ ಹೆದರುವುದೋ ತಿಳಿಯುವುದಿಲ್ಲ.

1912ರಲ್ಲಿಯೇ ಸೆನೆಟ್, ನ್ಯೂಯಾರ್ಕ್ ಮೋಷನ್ ಪಿಕ್ಚರ್ ಕಂಪನಿಯ ಕೆಸ್ಸಲ್ ಮತ್ತು ಬೌಮನ್ ಎಂಬ ಬಂಡವಾಳಗಾರರ ನೆರವಿನಿಂದ ಕೀಸ್ಟೋನ್ ಸಂಸ್ಥೆಯನ್ನು ಕಟ್ಟಿದ. ಲಾಸ್ ಏಂಜಲೀಸ್‌ನ ಈಡನ್‌ಡೇಲ್ ಎಂಬ ಹೊರವಲಯದಲ್ಲಿ, ಬಿಸಿಲನ್ನು ಹದಗೊಳಿಸಲು ತೆಳುಬಟ್ಟೆಯ ಚಪ್ಪರ ಹಾಕಿದ ಬಯಲುವೇದಿಕೆಯೇ ಅವರ ಸ್ಟುಡಿಯೋ. ಸೆನೆಟ್, ಫೋರ್ಡ್ ಸ್ಟರ್ಲಿಂಗ್, ಫ್ರೆಡ್ ಮೇಸ್ ಮತ್ತು ಮೇಬಲ್, ಈ ನಾಲ್ವರು ಮೂಲ ಬಳಗ. ಅದೇ ಸೆಪ್ಟೆಂಬರ್ 23ರಂದು ಬಿಡುಗಡೆಯಾದ ಮೊದಲ ಕಂತಿನಲ್ಲಿ ‘ದ ವಾಟರ್ ನಿಂಫ್’ ಇತ್ತು. ಮೈಗಂಟಿದ ಕರಿಯ ಈಜುಡುಗೆಯಲ್ಲಿ ಮೇಬಲ್ ನೀರಿಗೆ ಹಾರುವುದೇ ಅದರ ಮುಖ್ಯ ಆಕರ್ಷಣೆ. ಮುಂದೆ ಸೆನೆಟ್‌ನ ಹೆಸರಿನೊಂದಿಗೆ ಅಂಟಿಕೊಂಡ ಈಜುಸುಂದರಿಯರ ತಂಡಕ್ಕೆ ಬೀಜ ಬಿದ್ದದ್ದು ಇಲ್ಲಿಯೇ.

ಆಮೇಲೆ ಹೆಸರಿನ ಸರದಿ. ‘ಮೇಬಲ್ಸ್ ಲವರ್ಸ್’, ‘ಮೇಬಲ್ಸ್ ಆಫುಲ್ ಮಿಸ್ಟೇಕ್ಸ್’, ‘ಮೇಬಲ್ಸ್ ಡ್ರಮ್ಯಾಟಿಕ್ ಕೆರಿಯರ್’: ಒಂದರ ಹಿಂದೊಂದು ಚಿತ್ರಗಳು ಆಕೆಯ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತು ಬಂದವು. ಎರಡು ವರ್ಷದ ಹಿಂದೆ ಹೆಸರೇ ಹೇಳಬಾರದಾಗಿದ್ದ ನಟಿ ಈಗ ಹೆಸರಿನಿಂದಲೇ ಟಿಕೆಟ್ ಮಾರುತ್ತಿದ್ದಳು. ಚಿತ್ರಮಂದಿರದ ಬಾಗಿಲಲ್ಲಿ ಅದು ನೋಡುಗರಿಗೆ ಕೊಟ್ಟ ಭರವಸೆ: ಒಳಗೆ ಸಾವಿರ ಅಡಿಯ ಒಂದು ರೀಲು ಓಡುತ್ತದೆ, ಹೆಚ್ಚೆಂದರೆ ಕಾಲು ಗಂಟೆ, ಆ ಕಾಲು ಗಂಟೆಯಲ್ಲಿ ಮೇಬಲ್ ಯಾವುದೋ ಫಜೀತಿಗೆ ಸಿಕ್ಕಿಕೊಳ್ಳುತ್ತಾಳೆ.

ಕೀಸ್ಟೋನ್ ಚಿತ್ರಗಳ ಬಗ್ಗೆ ನನಗೆ ಅಂಥ ಮೋಹವಿಲ್ಲ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಐದಾರು ಒಟ್ಟಿಗೆ ನೋಡಿದರೆ ತಲೆ ಗಿರ್ರೆನ್ನುತ್ತದೆ. ಒಬ್ಬ ಒದೆಯುತ್ತಾನೆ, ಇನ್ನೊಬ್ಬ ಬೀಳುತ್ತಾನೆ, ಪೊಲೀಸರು ಸಾಲಾಗಿ ಓಡುತ್ತಾರೆ, ಕೊನೆಗೆ ಎಲ್ಲರೂ ಕೆರೆಗೆ ಬೀಳುತ್ತಾರೆ. ಫೋರ್ಡ್ ಸ್ಟರ್ಲಿಂಗ್ ಎರಡು ಅಡಿ ಎತ್ತರಕ್ಕೆ ನೆಗೆಯದೆ ಒಂದು ಆಶ್ಚರ್ಯವನ್ನೂ ತೋರಿಸಲಾರ. ಈ ಗದ್ದಲದ ನಡುವೆ ಮೇಬಲ್ ಬಂದಾಗ ಮಾತ್ರ ಮನುಷ್ಯರೊಬ್ಬರು ಒಳಗೆ ಬಂದಂತಾಗುತ್ತದೆ. ಇತರರು ನಾಟಕದ ಕೊನೆಯ ಸಾಲಿನವನಿಗೂ ಕಾಣಲೆಂದು ನಟಿಸುತ್ತಿದ್ದರೆ, ಆಕೆಗೆ ಕ್ಯಾಮೆರಾ ಹತ್ತಿರದಲ್ಲೇ ಇದೆ ಎಂಬ ಅರಿವಿತ್ತು. ಹುಬ್ಬಿನ ಒಂದು ಚಲನೆ ಸಾಕೆಂದು ತಿಳಿದಿತ್ತು. ಚಿತ್ರಕಾರರ ಮುಂದೆ ಕದಲದೆ ಕುಳಿತ ಅಷ್ಟೂ ದಿನಗಳು ಮುಖದ ಲೆಕ್ಕವನ್ನು ಕಲಿಸಿದ್ದಿರಬೇಕು. ಹಾಗೆಂದು ಆಕೆ ಮೈ ಉಳಿಸಿಕೊಂಡವಳೂ ಅಲ್ಲ. ‘ಬಾರ್ನಿ ಓಲ್ಡ್‌ಫೀಲ್ಡ್ಸ್ ರೇಸ್ ಫಾರ್ ಎ ಲೈಫ್’ನಲ್ಲಿ ಆಕೆಯನ್ನು ರೈಲುಹಳಿಗೆ ಕಟ್ಟಿಹಾಕುತ್ತಾರೆ, ಬಿಡಿಸಲು ಬರುವವನು ಆ ಕಾಲದ ನಿಜವಾದ ಕಾರ್ ರೇಸ್ ಶೂರ ಓಲ್ಡ್‌ಫೀಲ್ಡ್. ಮೂಕಿ ಚಿತ್ರಗಳೆಂದರೆ ನಾಯಕಿಯನ್ನು ಹಳಿಗೆ ಕಟ್ಟುವುದು ಎಂಬ ಸವಕಲು ಕಲ್ಪನೆ ನಮ್ಮಲ್ಲಿದೆಯಲ್ಲ, ಅದಕ್ಕೆ ಎಲ್ಲೆಡೆ ತೋರಿಸುವ ತುಣುಕು ಇದೇ. ತಮಾಷೆಯೆಂದರೆ ಈ ಚಿತ್ರ ಹಳೆಯ ರಂಗನಾಟಕಗಳ ಆ ಚಾಳಿಯನ್ನು ಗೇಲಿ ಮಾಡಲೆಂದೇ ತೆಗೆದದ್ದು.

ಇನ್ನೊಂದು ದಂತಕತೆ ಪೈ ಎಸೆತದ್ದು. ಕ್ರೀಮು ತುಂಬಿದ ಆ ತಿನಿಸಿಗೆ ನಮ್ಮ ಅಡುಗೆಮನೆಯಲ್ಲಿ ಸಮಾನವಾದದ್ದಿಲ್ಲ. ಹೋಳಿಗೆ ಎಸೆದರೆ ಆ ಪರಿಣಾಮ ಬರುವುದಿಲ್ಲ. ಸಿನಿಮಾದಲ್ಲಿ ಮೊದಲು ಪೈ ಎಸೆದವಳು ಮೇಬಲ್ ಎಂದು ಸೆನೆಟ್‌ನ ಬಳಗ ಜೀವನಪೂರ್ತಿ ಹೇಳಿಕೊಂಡು ಬಂತು, 1913ರ ‘ಎ ನಾಯ್ಸ್ ಫ್ರಮ್ ದ ಡೀಪ್’ನ ಹೆಸರನ್ನು ಅದಕ್ಕೆ ಆಧಾರವಾಗಿ ಕೊಡುವವರೂ ಇದ್ದಾರೆ. ಆದರೆ ಅದಕ್ಕಿಂತ ನಾಲ್ಕು ವರ್ಷ ಮೊದಲೇ, 1909ರ ‘ಮಿಸ್ಟರ್ ಫ್ಲಿಪ್’ನಲ್ಲಿ ಬೆನ್ ಟರ್ಪಿನ್ ಮುಖಕ್ಕೆ ಪೈ ಬಿದ್ದಿದೆ. ಮೇಬಲ್‌ಗೆ ಸಲ್ಲಬೇಕಾದ ಕೀರ್ತಿ ಬೇರೆ ಬೇಕಾದಷ್ಟಿರುವಾಗ ಇದೊಂದನ್ನು ಬಿಟ್ಟುಕೊಡಲು ನನಗೇನೂ ಬೇಸರವಿಲ್ಲ.

ಆ ಕಾಲದ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಮೇಬಲ್ಸ್ ಡ್ರಮ್ಯಾಟಿಕ್ ಕೆರಿಯರ್’. ಸೆನೆಟ್ ಒಬ್ಬ ಹಳ್ಳಿಗಮಾರ. ಮನೆಯ ಅಡುಗೆಯ ಹುಡುಗಿ ಮೇಬಲ್‌ಳ ಮೇಲೆ ಅವನಿಗೆ ಪ್ರೀತಿ. ತಾಯಿ ಒಪ್ಪುವುದಿಲ್ಲ, ಪೇಟೆಯ ಹೆಣ್ಣೊಬ್ಬಳು ಬರುತ್ತಾಳೆ, ಮೇಬಲ್ ಮನೆ ಬಿಟ್ಟು ಹೋಗಿ ಕೀಸ್ಟೋನ್‌ನಲ್ಲೇ ನಟಿಯಾಗುತ್ತಾಳೆ. ವರ್ಷಗಳ ಮೇಲೆ ಪಟ್ಟಣದ ಚಿತ್ರಮಂದಿರದ ಹೊರಗೆ ಅವಳ ಚಿತ್ರ ಕಂಡು ಸೆನೆಟ್ ಒಳಗೆ ನುಗ್ಗುತ್ತಾನೆ. ಪರದೆಯ ಮೇಲೆ ಖಳನಾಯಕ ಸ್ಟರ್ಲಿಂಗ್ ಅವಳನ್ನು ಪೀಡಿಸುತ್ತಿದ್ದಾನೆ. ಇವನು ಪಿಸ್ತೂಲು ತೆಗೆದು ಪರದೆಗೇ ಗುಂಡು ಹಾರಿಸುತ್ತಾನೆ. ಆಮೇಲೆ ‘ಖಳ’ನ ಮನೆ ಹುಡುಕಿಕೊಂಡು ಹೋಗಿ ಇಣುಕಿದರೆ, ಆ ಮಹಾನುಭಾವ ಮೇಬಲ್‌ಳನ್ನೇ ಮದುವೆಯಾಗಿ ಮಕ್ಕಳನ್ನು ಆಡಿಸುತ್ತ ಸುಖವಾಗಿದ್ದಾನೆ. ಸಿನಿಮಾಕ್ಕೆ ಇನ್ನೂ ಹಲ್ಲು ಮೂಡುತ್ತಿದ್ದ 1913ರಲ್ಲಿ, ಪರದೆಯ ಮೇಲಿನ ಮೇಬಲ್ ಬೇರೆ, ಮನೆಯೊಳಗಿನ ಮೇಬಲ್ ಬೇರೆ ಎಂದು ಅಷ್ಟು ಸಲೀಸಾಗಿ ಹೇಳಿದ ಚಿತ್ರ ಇದು. ಒಂಬತ್ತು ವರ್ಷದ ಮೇಲೆ ಇಡೀ ದೇಶ ಈ ವ್ಯತ್ಯಾಸವನ್ನು ಮರೆಯಿತು.

1913ರ ಕೊನೆಯ ಹೊತ್ತಿಗೆ ಮೇಬಲ್ ನಿರ್ದೇಶನಕ್ಕೂ ಇಳಿದಳು. ಅದೇ ಹೊತ್ತಿಗೆ ಇಂಗ್ಲೆಂಡಿನ ಸಂಗೀತ ಸಭಾಂಗಣಗಳಲ್ಲಿ ಪಳಗಿದ್ದ ಚಾಪ್ಲಿನ್ ವಾರಕ್ಕೆ 150 ಡಾಲರ್ ಸಂಬಳಕ್ಕೆ ಕೀಸ್ಟೋನ್ ಸೇರಿದ. ದೊಗಳೆ ಪ್ಯಾಂಟು, ಬಿಗಿ ಕೋಟು, ದೊಡ್ಡ ಬೂಟು, ಬೆತ್ತ, ಈ ವೇಷವನ್ನು ಅವನು ಮೊದಲ ಬಾರಿಗೆ ತೊಟ್ಟದ್ದು ‘ಮೇಬಲ್ಸ್ ಸ್ಟ್ರೇಂಜ್ ಪ್ರೆಡಿಕಮೆಂಟ್’ನ ಚಿತ್ರೀಕರಣದಲ್ಲಿ. ‘ಕಿಡ್ ಆಟೋ ರೇಸಸ್’ ಎಂಬ ಇನ್ನೊಂದು ಚಿತ್ರ ಎರಡು ದಿನ ಮೊದಲು ಬಿಡುಗಡೆಯಾದದ್ದರಿಂದ ಆ ಗೌರವ ಅದಕ್ಕೆ ಹೋಯಿತು. ಹೋಟೆಲಿನ ಹಜಾರದಲ್ಲಿ ಕುಡಿದು ತೂರಾಡುವ ಅಲೆಮಾರಿ, ರಾತ್ರಿಯುಡುಪಿನಲ್ಲಿ ಕೋಣೆಯ ಹೊರಗೆ ಸಿಕ್ಕಿಕೊಂಡ ಮೇಬಲ್, ಇದಿಷ್ಟೇ ಕತೆ. ಸಿನಿಮಾ ಕಂಡ ಅತ್ಯಂತ ಪ್ರಸಿದ್ಧ ಪಾತ್ರ ಹುಟ್ಟಿದ್ದು ಮೇಬಲ್‌ಳ ಹೆಸರಿನ ಶೀರ್ಷಿಕೆಯ ಕೆಳಗೆ. ದಾಖಲೆಗಳಲ್ಲಿ ನಿರ್ದೇಶಕಿಯಾಗಿಯೂ ಆಕೆಯ ಹೆಸರೇ ಇದೆ.

ಜಗಳವಾದದ್ದು ಎರಡು ತಿಂಗಳ ಮೇಲೆ ಬಂದ ‘ಮೇಬಲ್ ಅಟ್ ದ ವ್ಹೀಲ್’ನ ಸಮಯದಲ್ಲಿ. ಪ್ರಿಯಕರನ ಬದಲು ತಾನೇ ಸ್ಟಿಯರಿಂಗ್ ಹಿಡಿದು ಕಾರ್ ರೇಸಿಗೆ ಇಳಿಯುವ ಹುಡುಗಿಯ ಕತೆ ಅದು, ಚಾಪ್ಲಿನ್ ಖಳ. ರಸ್ತೆಗೆ ನೀರು ಬಿಟ್ಟು ಕಾರು ಜಾರಿಸುವ ದೃಶ್ಯದಲ್ಲಿ ಚಾಪ್ಲಿನ್ ಒಂದು ತಮಾಷೆ ಸೇರಿಸೋಣವೆಂದ: ತಾನೇ ಕೊಳವೆಯ ಮೇಲೆ ಕಾಲಿಟ್ಟು ನಿಂತು, ನೀರೇಕೆ ಬರುತ್ತಿಲ್ಲವೆಂದು ಕೊಳವೆಯ ಬಾಯಿಗೆ ಇಣುಕುವುದು. ಸಮಯವಿಲ್ಲ ಎಂದಳು ಮೇಬಲ್. ಚಾಪ್ಲಿನ್ ರಸ್ತೆಯ ಬದಿಗೆ ಹೋಗಿ ಕುಳಿತುಬಿಟ್ಟ, ಆಕೆಗೆ ನಿರ್ದೇಶಿಸುವ ಯೋಗ್ಯತೆಯಿದೆಯೇ ಎಂದು ಮುಖಕ್ಕೇ ಕೇಳಿದ. ಇದು ಅರ್ಧ ಶತಮಾನದ ಮೇಲೆ, 1964ರಲ್ಲಿ, ಚಾಪ್ಲಿನ್ ತನ್ನ ಆತ್ಮಕತೆಯಲ್ಲಿ ಬರೆದುಕೊಂಡದ್ದು. ಅಲ್ಲಿ ನೆರೆದಿದ್ದ ಕೆಲವರು ಅವನಿಗೆ ಬಾರಿಸಲು ಮುಂದಾದರೆಂದೂ ಮೇಬಲ್‌ಳೇ ತಡೆದಳೆಂದೂ ಅವನೇ ಹೇಳುತ್ತಾನೆ. ಸೆನೆಟ್ ಅವನನ್ನು ಕೆಲಸದಿಂದ ತೆಗೆಯುವುದರಲ್ಲಿದ್ದ. ಅಷ್ಟರಲ್ಲಿ ನ್ಯೂಯಾರ್ಕಿನಿಂದ ಚಾಪ್ಲಿನ್ ಚಿತ್ರಗಳು ಇನ್ನಷ್ಟು ಬೇಕೆಂದು ತಂತಿ ಬಂದದ್ದರಿಂದ ಎಲ್ಲ ಸರಿಹೋಯಿತು.

ಈ ಪ್ರಸಂಗವನ್ನು ಚಾಪ್ಲಿನ್‌ನ ಜೀವನಚರಿತ್ರೆಗಳಲ್ಲಿ ಓದುವಾಗ ಪ್ರತಿಭಾವಂತನೊಬ್ಬ ಅನನುಭವಿ ಹುಡುಗಿಯ ಕೈಗೆ ಸಿಕ್ಕ ಕತೆಯಾಗಿ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ಅಂದು ಅವನು ಸಿನಿಮಾಕ್ಕೆ ಬಂದು ಕೆಲವೇ ವಾರಗಳಾಗಿದ್ದವು, ಆಕೆ ಬಂದು ಮೂರು ವರ್ಷಕ್ಕೂ ಹೆಚ್ಚಾಗಿತ್ತು. ಕೊಳವೆಯ ತಮಾಷೆ ಆಗಲೇ ಹಳಸಿದ್ದು. ಸಿನಿಮಾದ ಮೊದಲಿಗರಲ್ಲಿ ಸೇರಿದ ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲೇ ಅದನ್ನು ತೆಗೆದಿದ್ದರು. ಬಿಸಿಲಿನ ಬೆಳಕು ಜಾರುವ ಮುನ್ನ ರೀಲು ಮುಗಿಸಬೇಕಾದ ಜವಾಬ್ದಾರಿ ಇದ್ದದ್ದು ಆಕೆಗೆ. ಆಕೆ ಅನುಭವಿ, ಅವನು ಹೊಸಬ. ಜಗಳದ ನಂತರ ಇಬ್ಬರೂ ಸೇರಿ ‘ಕಾಟ್ ಇನ್ ಎ ಕ್ಯಾಬರೆ’ಯಂಥ ಚಿತ್ರಗಳನ್ನು ಮಾಡಿದರು, ಅವು ಮೊದಲಿನವುಗಳಿಗಿಂತ ನಿಧಾನಗತಿಯವು, ಹೆಚ್ಚು ಮುಖ ತೋರಿಸುವಂಥವು. ಚಾಪ್ಲಿನ್ ಮುಂದೆ ಕ್ಯಾಮೆರಾಕ್ಕೆ ಕಳ್ಳನೋಟ ಬೀರುವ, ಅವಮಾನವನ್ನು ಭುಜ ಕೊಡವಿ ಮರೆಯುವ ಕಲೆಯನ್ನು ಎಷ್ಟೋ ಎತ್ತರಕ್ಕೆ ಒಯ್ದ, ಅದರಲ್ಲಿ ಎರಡು ಮಾತಿಲ್ಲ. ಆ ಕಳ್ಳನೋಟದ ಮೊದಲ ಪಾಠ ಎಲ್ಲಿಂದ ಬಂತೆಂಬುದಕ್ಕೆ 1914ರ ಆ ಚಿತ್ರಗಳನ್ನು ನೋಡಿದರೆ ನನಗೆ ಉತ್ತರ ಸ್ಪಷ್ಟವಾಗಿಯೇ ಕಾಣುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಆ ವರ್ಷದ ಕೊನೆಗೆ ಬಂದ ‘ಟಿಲ್ಲೀಸ್ ಪಂಕ್ಚರ್ಡ್ ರೊಮಾನ್ಸ್’ ಆರು ರೀಲಿನದು, ಹಾಸ್ಯದಲ್ಲಿ ಅಷ್ಟು ಉದ್ದದ ಚಿತ್ರ ಎಂಬುದೇ ಹೊಸ ಸಾಹಸ. ರಂಗಭೂಮಿಯ ಮೇರಿ ಡ್ರೆಸ್ಲರ್ ನಾಯಕಿ. ಚಾಪ್ಲಿನ್ ಮತ್ತು ಮೇಬಲ್ ಜೊತೆಗಾರ ವಂಚಕರು. ಡ್ರೆಸ್ಲರ್ ಅಬ್ಬರಿಸುವ ಕಡೆಯಲ್ಲೆಲ್ಲ ಮೇಬಲ್ ಮೂಲೆಯಲ್ಲಿ ನಿಂತು ತುಟಿ ಕಚ್ಚಿ ನಗುವುದನ್ನು ಗಮನಿಸಿ.

ಚಾಪ್ಲಿನ್ ಕೀಸ್ಟೋನ್ ಬಿಟ್ಟ ಮೇಲೆ ಆಕೆಗೆ ಜೋಡಿಯಾದವನು ರಾಸ್ಕೋ ಆರ್ಬಕಲ್, ಜನರ ಬಾಯಲ್ಲಿ ‘ಫ್ಯಾಟಿ’. ಈಗ ಶೀರ್ಷಿಕೆಗಳಲ್ಲಿ ಎರಡು ಹೆಸರು. ಸಂಸಾರ, ಬಟ್ಟೆ ಒಗೆಯುವುದು, ಪಾರ್ಕಿನಲ್ಲಿ ತಿರುಗಾಟ, ಗಂಡಹೆಂಡಿರ ಮುನಿಸು, ಇಂಥವೇ ವಸ್ತುಗಳು. 1916ರ ‘ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್’ನಲ್ಲಿ ಹೊಸದಾಗಿ ಮದುವೆಯಾದವರ ಕಡಲತಡಿಯ ಮನೆಯನ್ನು ಹಗೆಯೊಬ್ಬ ರಾತ್ರೋರಾತ್ರಿ ಸಮುದ್ರಕ್ಕೆ ತಳ್ಳುತ್ತಾನೆ, ಬೆಳಗ್ಗೆ ಎದ್ದರೆ ಮಂಚ ತೇಲುತ್ತಿದೆ. ಅದಕ್ಕೂ ಮುನ್ನ ಒಂದು ಗಳಿಗೆ ಬರುತ್ತದೆ: ಮಲಗಿದ ಮೇಬಲ್‌ಳ ಮೇಲೆ ಆರ್ಬಕಲ್‌ನ ನೆರಳು ಬಾಗುತ್ತದೆ, ನೆರಳೇ ಅವಳಿಗೆ ಮುತ್ತಿಡುತ್ತದೆ. ಪೈ ಎಸೆಯುವ ಕಾರ್ಖಾನೆಯೊಂದರಿಂದ ಇಂಥ ಕೋಮಲವಾದ ದೃಶ್ಯ ಹೊರಬಂದೀತೆಂದು ಯಾರೂ ಎಣಿಸಿರಲಾರರು.

ಈ ನಡುವೆ ಸೆನೆಟ್‌ನೊಂದಿಗೆ ಆಗಬೇಕಿದ್ದ ಮದುವೆ ಮುರಿದುಬಿತ್ತು. ಅದರ ಕಾರಣದ ಬಗ್ಗೆ ಹಾಲಿವುಡ್ಡಿನ ಊರಬಾಯಿ ನೂರು ಕತೆ ಹೇಳಿದೆ, ಅವನ್ನು ಇಲ್ಲಿ ಮತ್ತೆ ಹೇಳುವ ಉತ್ಸಾಹ ನನಗಿಲ್ಲ. ಕೆಲಸದ ದೃಷ್ಟಿಯಿಂದ ಮುಖ್ಯವಾದದ್ದು, 1916ರಲ್ಲಿ ‘ಮೇಬಲ್ ನಾರ್ಮಂಡ್ ಫೀಚರ್ ಫಿಲ್ಮ್ ಕಂಪನಿ’ ಎಂಬ ಹೆಸರಿನಲ್ಲಿ ಆಕೆಗೇ ಒಂದು ಸಂಸ್ಥೆ, ಆಕೆಗೇ ಒಂದು ಸ್ಟುಡಿಯೋ ಸಿದ್ಧವಾಯಿತು ಎಂಬುದು. ಅಲ್ಲಿ ತೆಗೆದದ್ದು ‘ಮಿಕ್ಕಿ’. ಗಣಿಯ ಕೇರಿಯಲ್ಲಿ ಬೆಳೆದ ತಬ್ಬಲಿ ಹುಡುಗಿಯನ್ನು ಪಟ್ಟಣದ ಸಿರಿವಂತ ನೆಂಟರು ಆಸ್ತಿಯ ಆಸೆಗೆ ಕರೆಸಿಕೊಂಡು, ಕೈಬರಿದೆಂದು ತಿಳಿದ ಕೂಡಲೇ ಮನೆಗೆಲಸಕ್ಕೆ ಹಚ್ಚುವ ಕತೆ. ಹುಡುಗಿ ಗಂಡುವೇಷ ತೊಟ್ಟು ಕುದುರೆ ಜೂಜಿಗೂ ಇಳಿಯುತ್ತಾಳೆ. ಚಿತ್ರೀಕರಣ ಮುಗಿದರೂ ಹಣ ಹೂಡಿದವರ ಗೊಂದಲಗಳಿಂದ ಅದು ವರ್ಷಕ್ಕೂ ಹೆಚ್ಚು ಕಾಲ ಡಬ್ಬದಲ್ಲೇ ಉಳಿಯಿತು. 1918ರಲ್ಲಿ ತೆರೆಗೆ ಬಂದಾಗ ಅದರ ಯಶಸ್ಸು ಎಲ್ಲರನ್ನೂ ಬೆರಗಾಗಿಸಿತು. ಆ ಹೆಸರಿನ ಹಾಡು ಮನೆಮನೆಯ ಪಿಯಾನೋದ ಮೇಲೆ ಬಂತು. ಆದರೆ ಅಷ್ಟು ಹೊತ್ತಿಗೆ ಕಾದು ಬೇಸತ್ತ ಮೇಬಲ್ ಸ್ಯಾಮ್ಯುಯಲ್ ಗೋಲ್ಡ್‌ವಿನ್ನನ ಸಂಸ್ಥೆಗೆ ಹೋಗಿಯಾಗಿತ್ತು. ಆಕೆಗೆಂದೇ ಕಟ್ಟಿದ ಆ ಸ್ಟುಡಿಯೋದ ಕಟ್ಟಡ ಲಾಸ್ ಏಂಜಲೀಸ್‌ನ ಸಿಲ್ವರ್ ಲೇಕ್ ಭಾಗದಲ್ಲಿ ಇಂದಿಗೂ ನಿಂತಿದೆ. ಅದರ ಹೆಸರು ‘ಮ್ಯಾಕ್ ಸೆನೆಟ್ ಸ್ಟುಡಿಯೋಸ್’.

ಗೋಲ್ಡ್‌ವಿನ್ ಕಾಲದ ಬಗ್ಗೆ ಹೆಚ್ಚು ಬರೆಯುವಂತಿಲ್ಲ, ಕಾರಣ ನೋಡಲು ಚಿತ್ರಗಳೇ ಇಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಆಕೆ ಅಲ್ಲಿ ಮಾಡಿದ ಪೂರ್ಣಾವಧಿಯ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ಅಂದಿನ ಚಿತ್ರಗಳನ್ನು ತೆಗೆಯುತ್ತಿದ್ದ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುವ, ಕಾಲಕ್ರಮದಲ್ಲಿ ತಾನೇ ಪುಡಿಯಾಗುವ ವಸ್ತು. ಮೂಕಿ ಚಿತ್ರಗಳ ಬೆಲೆ ಮುಗಿಯಿತೆಂದು ಭಾವಿಸಿದ ಕಂಪನಿಗಳು ಅದನ್ನು ಕಾಪಾಡುವ ಗೋಜಿಗೂ ಹೋಗಲಿಲ್ಲ. ‘ದ ಫ್ಲೋರ್ ಬಿಲೋ’ ಎಂಬ 1918ರ ಚಿತ್ರ ನೆದರ್‌ಲೆಂಡ್ಸ್‌ನಲ್ಲಿ ಸಿಕ್ಕದ್ದು ಅಪರೂಪದ ಭಾಗ್ಯ.

1921ರಲ್ಲಿ ಮತ್ತೆ ಸೆನೆಟ್‌ನ ಬಳಿಗೆ ಮರಳಿ ‘ಮಾಲಿ ಓ’ ಮಾಡಿದಳು. ಅದೇ ಸೆಪ್ಟೆಂಬರ್‌ನಲ್ಲಿ ಆರ್ಬಕಲ್ ಮೇಲೆ ವರ್ಜೀನಿಯಾ ರ‍್ಯಾಪ್ ಎಂಬ ನಟಿಯ ಸಾವಿನ ಆರೋಪ ಬಂತು. ಮೂರು ವಿಚಾರಣೆಗಳ ನಂತರ 1922ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟರೂ, ಅವನ ಚಿತ್ರಗಳು ಚಿತ್ರಮಂದಿರಗಳಿಂದ ಮಾಯವಾದವು. ಅವುಗಳೊಂದಿಗೆ ಮೇಬಲ್‌ಳ ಒಳ್ಳೆಯ ಚಿತ್ರಗಳೂ ಹೋದವು. ಆ ವಿಚಾರಣೆಗಳು ನಡೆಯುತ್ತಿರುವಾಗಲೇ, ಫೆಬ್ರವರಿ 1ರ ಸಂಜೆ, ಮೇಬಲ್ ತನ್ನ ಸ್ನೇಹಿತ, ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್‌ನ ಮನೆಗೆ ಹೋಗಿ, ಅವನು ಕೊಟ್ಟ ಪುಸ್ತಕ ತೆಗೆದುಕೊಂಡು ಹೊರಟಳು. ಅವನೇ ಕಾರಿನ ತನಕ ಬಂದು ಬೀಳ್ಕೊಟ್ಟ. ಮಾರನೆಯ ಬೆಳಗ್ಗೆ ಮನೆಯಾಳು ಬಂದಾಗ ಟೇಲರ್ ಗುಂಡೇಟಿನಿಂದ ಸತ್ತುಬಿದ್ದಿದ್ದ. ಕೊಂದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ಮೇಬಲ್ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ. ಆದರೆ ಕೊಲೆಗಾರನನ್ನು ಬಿಟ್ಟರೆ ಅವನನ್ನು ಕೊನೆಯದಾಗಿ ಜೀವಂತ ಕಂಡವಳು ಎಂಬುದಷ್ಟೇ ಪತ್ರಿಕೆಗಳಿಗೆ ಸಾಕಾಯಿತು. ಶೀರ್ಷಿಕೆಯಲ್ಲಿ ‘ಮೇಬಲ್’ ಎಂಬ ಪದ ಹಾಕಿದರೆ ಮಾಲು ಮಾರುತ್ತದೆ ಎಂದು ಸೆನೆಟ್ ಹತ್ತು ವರ್ಷದ ಹಿಂದೆ ಕಂಡುಕೊಂಡಿದ್ದನ್ನು ಈಗ ಪತ್ರಿಕೆಗಳೂ ಕಂಡುಕೊಂಡವು.

ಇಷ್ಟರ ನಡುವೆಯೂ 1923ರಲ್ಲಿ ‘ದಿ ಎಕ್ಸ್‌ಟ್ರಾ ಗರ್ಲ್’ ಬಂತು. ಸಿನಿಮಾ ಸ್ಪರ್ಧೆಗೆ ಕಳಿಸಿದ ಲಕೋಟೆಯಲ್ಲಿ ಬೇರೊಬ್ಬಳ ಭಾವಚಿತ್ರ ಸೇರಿಹೋಗಿ, ತಾರೆಯಾಗಲು ಹಾಲಿವುಡ್ಡಿಗೆ ಬಂದ ಹಳ್ಳಿಯ ಹುಡುಗಿ ಉಡುಪಿನ ವಿಭಾಗದಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಅದರಲ್ಲೊಂದು ದೃಶ್ಯವನ್ನು ಮರೆಯಲಾಗದು: ಸಿಂಹದ ವೇಷ ಹಾಕಿದ ನಾಯಿಯೆಂದು ತಿಳಿದು ಆಕೆ ನಿಜವಾದ ಸಿಂಹವನ್ನೇ ಹಗ್ಗ ಹಿಡಿದು ಸ್ಟುಡಿಯೋ ತುಂಬ ಎಳೆದುಕೊಂಡು ಹೋಗುತ್ತಾಳೆ. ಸಿಂಹ ಸುಮ್ಮನೆ ಹಿಂಬಾಲಿಸುತ್ತದೆ, ಎದುರಿಗೆ ಬಂದವರು ಚದುರುತ್ತಾರೆ. ಆಕೆಗೆ ಮಾತ್ರ ಈ ನಾಯಿ ಯಾಕಿಷ್ಟು ಹಟ ಮಾಡುತ್ತದೆ ಎಂಬ ಸಣ್ಣ ಕಿರಿಕಿರಿ. ಆ ಕಿರಿಕಿರಿಯೇ ದೃಶ್ಯದ ಜೀವ. ಮುಖದಲ್ಲಿ ಒಂದಿಷ್ಟು ಹೆಚ್ಚಾಗಿದ್ದರೂ ಕೆಡುತ್ತಿತ್ತು.

ಅದು ಆಕೆಯ ಕೊನೆಯ ದೊಡ್ಡ ಚಿತ್ರವಾಯಿತು. 1924ರ ಹೊಸವರ್ಷದ ದಿನ ಕೋರ್ಟ್‌ಲ್ಯಾಂಡ್ ಡೈನ್ಸ್ ಎಂಬ ಸಿರಿವಂತನಿಗೆ ಮೇಬಲ್‌ಳ ಕಾರು ಚಾಲಕ ಆಕೆಯದೇ ಪಿಸ್ತೂಲಿನಿಂದ ಗುಂಡು ಹೊಡೆದ. ಡೈನ್ಸ್ ಬದುಕಿದ, ಚಾಲಕನ ಬಿಡುಗಡೆಯೂ ಆಯಿತು. ಆಕೆಯ ಚಿತ್ರಗಳಿಗೆ ಕೆಲವು ಊರುಗಳು ಬಾಗಿಲು ಮುಚ್ಚಿದವು. ರಂಗಭೂಮಿಯಲ್ಲಿ ಒಂದು ಪ್ರಯತ್ನ ಮಾಡಿದಳು, ಕೈಹಿಡಿಯಲಿಲ್ಲ. 1926ರಲ್ಲಿ ಹ್ಯಾಲ್ ರೋಚ್ ಸ್ಟುಡಿಯೋದವರು ಕರೆದು ಕೆಲವು ಕಿರುಚಿತ್ರಗಳನ್ನು ಕೊಟ್ಟರು. ‘ರ‍್ಯಾಗೆಡಿ ರೋಸ್’ನ ಬರವಣಿಗೆಯಲ್ಲಿ ಸ್ಟಾನ್ ಲಾರೆಲ್ ಇದ್ದ, ‘ದ ನಿಕಲ್ ಹಾಪರ್’ನಲ್ಲಿ ಚಿಲ್ಲರೆ ಕಾಸಿಗೆ ಕಂಡಕಂಡವರೊಂದಿಗೆ ಕುಣಿಯುವ ನೃತ್ಯಶಾಲೆಯ ಹುಡುಗಿಯಾಗಿ ಮೇಬಲ್, ಡ್ರಮ್ ಬಾರಿಸುವವನಾಗಿ ಆಲಿವರ್ ಹಾರ್ಡಿ, ಚಿಕ್ಕದೊಂದು ಪಾತ್ರದಲ್ಲಿ ಬೋರಿಸ್ ಕಾರ್ಲಾಫ್. ಕಾಯಿಲೆಯ ಸುಳಿವು ಮುಖದಲ್ಲಿ ಕಾಣುತ್ತದೆ, ಕೆನ್ನೆ ಒಳಗೆ ಹೋಗಿದೆ, ಬಣ್ಣ ದಪ್ಪವಾಗಿದೆ. ಆದರೂ ದಣಿದ ಪಾದವನ್ನು ಬೂಟಿನಿಂದ ಹೊರತೆಗೆಯುವಾಗಿನ ನಿಟ್ಟುಸಿರು ಹಳೆಯ ಮೇಬಲ್‌ಳದೇ. ಅದೇ ವರ್ಷ ‘ಮಿಕ್ಕಿ’ಯಲ್ಲಿ ಖಳನಾಗಿದ್ದ ಲ್ಯೂ ಕೋಡಿಯನ್ನು ಮದುವೆಯಾದಳು. 1927ರಲ್ಲಿ ಸಿನಿಮಾಕ್ಕೆ ಮಾತು ಬಂದ ವರ್ಷವೇ ಆಕೆಯ ಕೊನೆಯ ಚಿತ್ರ.

ಕ್ಷಯರೋಗ ಹಳೆಯದು. ಲಾಸ್ ಏಂಜಲೀಸ್ ಬಳಿಯ ಮನ್ರೋವಿಯಾದ ಪಾಟಿಂಜರ್ ಕ್ಷಯ ಚಿಕಿತ್ಸಾಲಯದಲ್ಲಿ 1930ರ ಫೆಬ್ರವರಿ 23ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಸಮಾಧಿಯ ಕಲ್ಲಿನ ಮೇಲೆ ಇರುವುದು ‘ಮೇಬಲ್ ನಾರ್ಮಂಡ್-ಕೋಡಿ’ ಎಂಬ ಹೆಸರು, ಹುಟ್ಟಿದ ವರ್ಷ 1895. ಹೆಸರಿಗೆ ಬಾಲ ಸೇರಿದೆ, ವಯಸ್ಸಿನಲ್ಲಿ ಮೂರು ವರ್ಷ ಕಳೆದಿದೆ.

ಆಮೇಲಿನ ದಶಕಗಳಲ್ಲಿ ಆಕೆ ಉಳಿದದ್ದು ಇತರರ ನೆನಪುಗಳಲ್ಲಿ: ಸೆನೆಟ್‌ನ ಆತ್ಮಕತೆಯಲ್ಲಿ ಕಳೆದುಕೊಂಡ ಪ್ರೇಯಸಿಯಾಗಿ, ಚಾಪ್ಲಿನ್‌ನದರಲ್ಲಿ ಮುದ್ದಾದ ಆದರೆ ಅರಿಯದ ನಿರ್ದೇಶಕಿಯಾಗಿ, 1974ರ ಬ್ರಾಡ್‌ವೇ ಸಂಗೀತನಾಟಕವೊಂದರ ಶೀರ್ಷಿಕೆಯಲ್ಲಿ ಸೆನೆಟ್‌ನ ಹೆಸರಿನ ನಂತರದ ಹೆಸರಾಗಿ. ಚಿತ್ರಗಳು ಮತ್ತೆ ನೋಡಲು ಸಿಗತೊಡಗಿದ ಮೇಲೆ ಮಾತು ಬದಲಾಗಿದೆ. 2009ರಲ್ಲಿ ‘ಮೇಬಲ್ಸ್ ಬ್ಲಂಡರ್’ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು. ಮರುವರ್ಷ ನ್ಯೂಜಿಲೆಂಡಿನ ಸಂಗ್ರಹಾಲಯದಲ್ಲಿ ಪತ್ತೆಯಾದ ಅಮೆರಿಕದ ಹಳೆಯ ರೀಲುಗಳಲ್ಲಿ ಆಕೆಯೇ ನಿರ್ದೇಶಿಸಿ ನಟಿಸಿದ, 1914ರ ಜನವರಿಯ ‘ವನ್ ಇನ್ ಎ ಕಬರ್ಡ್’ ಇತ್ತು. ಭೂಮಿಯ ಆ ತುದಿಯ ತನಕ ಪ್ರದರ್ಶನಕ್ಕೆ ಹೋದ ಪ್ರತಿಗಳನ್ನು ವಾಪಸು ತರಿಸುವ ಹಡಗುವೆಚ್ಚ ದಂಡವೆಂದು ಕಂಪನಿಗಳು ಅಲ್ಲಿಯೇ ಬಿಟ್ಟಿದ್ದವು. ಜಿಪುಣತನದಿಂದ ಒಂದು ಒಳಿತಾಯಿತು.

ಓದುಗರಲ್ಲಿ ಯಾರಾದರೂ ಆಕೆಯ ಚಿತ್ರ ನೋಡುವುದಾದರೆ ‘ಮೇಬಲ್ಸ್ ಬ್ಲಂಡರ್’ನಿಂದಲೇ ಆರಂಭಿಸಿ, ಆಮೇಲೆ ‘ಅಡ್ರಿಫ್ಟ್’, ಆಮೇಲೆ ‘ದಿ ಎಕ್ಸ್‌ಟ್ರಾ ಗರ್ಲ್’. ಒಂದು ಎಚ್ಚರಿಕೆ ಮಾತ್ರ ಇರಲಿ. ಅಂದಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರೋ ಹದಿನೆಂಟೋ ಚೌಕಟ್ಟುಗಳು ಓಡುತ್ತಿದ್ದವು. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಪ್ರತಿಗಳು ಅದೇ ಚಿತ್ರವನ್ನು ಸೆಕೆಂಡಿಗೆ ಇಪ್ಪತ್ತನಾಲ್ಕರ ವೇಗದಲ್ಲಿ ಓಡಿಸುತ್ತವೆ, ಹಿನ್ನೆಲೆಯಲ್ಲಿ ಯಾವುದೋ ಪಿಯಾನೋ ಗಡಗಡ ಎನ್ನುತ್ತಿರುತ್ತದೆ, ಎಲ್ಲರೂ ಕೀಲಿಗೊಂಬೆಗಳಂತೆ ಕುಪ್ಪಳಿಸುತ್ತಾರೆ. ನಾನು ಮೊದಲ ಬಾರಿ ನೋಡಿದ್ದು ಅಂಥ ಪ್ರತಿಯನ್ನೇ, ಇದರಲ್ಲೇನಿದೆ ಎಂದು ಮುಚ್ಚಿಟ್ಟಿದ್ದೆ. ಪುನರುದ್ಧಾರಗೊಂಡ ಪ್ರತಿ ಸಿಕ್ಕರೆ ಅದನ್ನೇ ಆಯ್ದುಕೊಳ್ಳಿ, ಸಿಗದಿದ್ದರೆ ಆಟದ ವೇಗವನ್ನು ಮುಕ್ಕಾಲಿಗೆ ಇಳಿಸಿ, ಧ್ವನಿಯನ್ನು ಪೂರ್ತಿ ಆರಿಸಿ. ಆಗ ಆ ಕಚೇರಿಯ ಹುಡುಗಿ ತಾನು ಕಂಡದ್ದನ್ನು ನಂಬಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತು ನಿಮ್ಮೆದುರು ನಿಲ್ಲುತ್ತಾಳೆ.